ಕೆಂಪಕ್ಕಿ ಹೈಬ್ರಿಡ್‌ಗೆ ಮೊದಲು ಜನಕ ತಳಿಗಳ ಡಿಎನ್‌ಎ ನೋಡಿ: ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರೇ,

ಉಡುಪಿ, ದಕ್ಷಿಣ ಕನ್ನಡದವರು ಉಣ್ಣುವುದು ಕೆಂಪು ಕುಚ್ಚಲಕ್ಕಿ. ಮಂಡ್ಯದಿಂದ 1996ರಲ್ಲಿ ಬಂದ ಕೆಆರ್‌ಎಚ್‌-2 ಹೈಬ್ರಿಡ್ ಬಿಳಿ ಅಕ್ಕಿಯದು. ಕರಾವಳಿಗೆ ಕೆಂಪಕ್ಕಿಯದೇ ಹೈಬ್ರಿಡ್ ಬೇಕು ಎನ್ನುವವರಲ್ಲಿ ನಾವೂ ಇದ್ದೇವೆ. ಕೋರಿಕೆ ಒಂದೇ: ಅದಕ್ಕೆ ಕೊಡುವ ಅನುದಾನದ ಮೊದಲ ಕಂತು ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲಿ ಜನಕ ತಳಿಗಳ ಡಿಎನ್‌ಎ ಪರೀಕ್ಷೆಗೆ ಹೋಗಲಿ.

ಹೆಸರು ನಂಬಿ ಜೋಡಿ ಕಟ್ಟಿದರೆ ಮೋಸ ಹೋಗುತ್ತೇವೆ. ಒಂದೇ ‘ಕಜೆ’ ಎಂಬ ನಾಟಿ ಕೆಂಪಕ್ಕಿ ತಳಿಯ ಹೆಸರಿನಲ್ಲಿ ಬೇರೆ ಬೇರೆ ಊರಿನಲ್ಲಿ ಬೇರೆ ಬೀಜ ಇರಬಹುದು; ಎರಡು ಹೆಸರಿನ ಬೀಜ ಒಂದೇ ಆಗಿರಲೂಬಹುದು. ತೀರಾ ಹತ್ತಿರದ ಸಂಬಂಧಿಗಳನ್ನು ಕೂಡಿಸಿದರೆ ಹೈಬ್ರಿಡ್ ಹುರುಪು (ಜನಕರನ್ನು ಮೀರಿಸುವ ಬೆಳೆ) ಬರುವುದಿಲ್ಲ, ಬೀಜದ ದುಡ್ಡು ಮಾತ್ರ ಹೋಗುತ್ತದೆ.

ಕೆಲಸ ದೊಡ್ಡದಲ್ಲ. ನೇಜಿಯ (ಭತ್ತದ ಸಸಿಯ) ಎಳೆ ಎಲೆ 100 ಮಿಲಿಗ್ರಾಂ ಸಾಕು. ಬಲಿತ ಎಲೆಯಲ್ಲಿ ಪಾಲಿಫಿನಾಲ್, ಸಕ್ಕರೆಯ ಲೋಳೆ ಹೆಚ್ಚು. ಅದು ಡಿಎನ್‌ಎ ತುಣುಕಿನ ಪ್ರತಿಗಳನ್ನು ಮಾಡುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನದಲ್ಲಿ ಡಿಎನ್‌ಎ ತೆಗೆದು, ಶುದ್ಧತೆ ತೋರಿಸುವ 260/280 ಅನುಪಾತ 1.8ರ ಆಸುಪಾಸು ಇದೆಯೇ ನೋಡಬೇಕು. ಭತ್ತದ 12 ವರ್ಣತಂತುಗಳಿಗೆ ತಲಾ ಮೂರು–ನಾಲ್ಕರಂತೆ 40ರಷ್ಟು ಎಸ್‌ಎಸ್‌ಆರ್ ಮಾರ್ಕರ್ (ತಳಿಯಿಂದ ತಳಿಗೆ ಉದ್ದ ಬದಲಾಗುವ ಡಿಎನ್‌ಎ ಗುರುತು) ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮಾರ್ಕರ್ ಆಯ್ಕೆಯಲ್ಲೂ ಲೆಕ್ಕವಿದೆ: ತಳಿಗಳು ಅರ್ಧಕ್ಕರ್ಧ ಎರಡು ಬ್ಯಾಂಡ್‌ಗಳಲ್ಲಿ (ಡಿಎನ್‌ಎ ಗೆರೆಗಳಲ್ಲಿ) ಹಂಚಿಕೊಂಡರೆ ಅದರ ವೈವಿಧ್ಯ ಮೌಲ್ಯ 0.5, ಶೇಕಡಾ 90 ತಳಿಗಳಲ್ಲಿ ಒಂದೇ ಬ್ಯಾಂಡ್, ಉಳಿದವುಗಳಲ್ಲಿ ಇನ್ನೊಂದು ಬಂದರೆ 0.18. ಎರಡನೆಯದು ಹೆಚ್ಚೇನೂ ಹೇಳುವುದಿಲ್ಲ.

ತಪ್ಪುವುದು ಹೆಚ್ಚಾಗಿ ಡಿಎನ್‌ಎ ತುಣುಕುಗಳನ್ನು ಉದ್ದದಂತೆ ಬೇರ್ಪಡಿಸುವ ಜೆಲ್‌ನಲ್ಲಿ. ನಾಲ್ಕೈದು ಬೇಸ್ ಜೋಡಿಯ (ಡಿಎನ್‌ಎ ಉದ್ದದ ಅಳತೆ) ವ್ಯತ್ಯಾಸ 3% ಅಗರೋಸ್ ಜೆಲ್‌ನಲ್ಲಿ ಕಾಣದೆ, ಬೇರೆ ತಳಿಗಳೂ ಒಂದೇ ಗೆರೆಯಲ್ಲಿ ನಿಂತುಬಿಡುತ್ತವೆ. ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸುವ ಪಾಲಿಅಕ್ರಿಲಮೈಡ್ ಜೆಲ್ ಬೇಕೇ ಬೇಕು. ಬ್ಯಾಂಡ್ ಬಾರದಿದ್ದರೆ ಕೂಡಲೇ ಸೊನ್ನೆ ಬರೆಯಬಾರದು. ಪಿಸಿಆರ್ ಕೆಟ್ಟಿರಬಹುದು, ಮತ್ತೆ ಮಾಡಿಯೇ ಬರೆಯಬೇಕು. ನಾಟಿ ತಳಿಯಲ್ಲಿ ಹತ್ತು ಗಿಡದ ಎಲೆ ಒಟ್ಟಿಗೆ ಅರೆದರೆ ಬೆರಕೆ ಮುಚ್ಚಿಹೋಗುತ್ತದೆ, ಗಿಡವೊಂದಕ್ಕೆ ಒಂದು ನಳಿಕೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮೈನಸ್ 20ರ ಫ್ರೀಜರ್ ಕರಗಿದರೆ ಕಿಣ್ವ ಕೆಡುತ್ತದೆ. ಜನರೇಟರ್ ಖರ್ಚನ್ನು ಅಂದಾಜಿನಲ್ಲೇ ಸೇರಿಸಿ.

ಹೈಬ್ರಿಡ್ ಬೀಜಕ್ಕೆ ತಾಯಿಯಾಗುವ ಗಂಡುಬಂಜೆ (ಪರಾಗ ಫಲಿಸದ) ‘ಎ’ ತಳಿಗೂ ಪರಾಗ ಕೊಟ್ಟು ಅದನ್ನು ಉಳಿಸುವ ‘ಬಿ’ ತಳಿಗೂ ಕೋಶಕೇಂದ್ರದ ಡಿಎನ್‌ಎ ಒಂದೇ. ಎಸ್‌ಎಸ್‌ಆರ್‌ನಲ್ಲಿ ಅವು ಅವಳಿಗಳಂತೆ ಕಾಣುತ್ತವೆ. ಎ ತಳಿಯ ಬೀಜದಲ್ಲಿ ಬಿ ಸೇರಿದೆಯೇ ಎಂದು ತಿಳಿಯಲು ಗಂಡುಬಂಜೆತನ ಅಡಗಿರುವ ಮೈಟೊಕಾಂಡ್ರಿಯಾದ (ಕೋಶದ ಶಕ್ತಿಕೇಂದ್ರದ) ಮಾರ್ಕರ್ ಬೇರೆಯೇ ಬೇಕು.

ಫಲವತ್ತತೆ ಮರಳಿಸುವ ‘ಆರ್’ ತಳಿ ಇಲ್ಲದೆ ಹೈಬ್ರಿಡ್‌ನಲ್ಲಿ ಕಾಳು ಕಟ್ಟದು. ಸ್ಥಳೀಯ ಕೆಂಪು ತಳಿಗಳಲ್ಲಿ ಆ ಗುಣ ಹುಡುಕಲು, 10ನೇ ವರ್ಣತಂತುವಿನಲ್ಲಿರುವ, ಫಲವತ್ತತೆ ಮರಳಿಸುವ ಆರ್‌ಎಫ್‌4 ಜೀನಿಗೆ ಹತ್ತಿರದ ಆರ್‌ಎಂ6100 ಮಾರ್ಕರ್ ಇದೆ. ಆದರೆ ಅದು ಜೀನಿನ ನೆರೆಯದು, ಜೀನ್ ಅಲ್ಲ. ಎ ತಳಿಯೊಂದಿಗೆ ಪರೀಕ್ಷಾ ಸಂಕರ ಮಾಡಿ, ಪರಾಗಕ್ಕೆ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು: ಫಲವಂತ ಪರಾಗ ದುಂಡಗೆ ಕಪ್ಪಾಗುತ್ತದೆ, ಬಂಜೆಯದು ಮುದುಡಿ ಹಳದಿಯಾಗಿಯೇ ಉಳಿಯುತ್ತದೆ.

ಬಣ್ಣದ ವಿಚಾರ ನಮಗೆ ಅನುಕೂಲವೇ. ಕೆಂಪು ಇರುವುದು ಅಕ್ಕಿಯ ಹೊರಪದರದಲ್ಲಿ. ಆ ಪದರ ತಾಯಿಗಿಡದ ಅಂಗ, ಕೆಂಪು ಬಣ್ಣ ಕೊಡುವ ಆರ್‌ಸಿ ಜೀನ್ ಪ್ರಬಲ. ಜನಕರಲ್ಲಿ ಒಂದು ಕೆಂಪಾದರೂ ರೈತನ ಗದ್ದೆಯ ಅಕ್ಕಿಯೆಲ್ಲ ಕೆಂಪೇ. ಒಳಗಿನ ಪಿಷ್ಟ ಹಾಗಲ್ಲ, ಅದು ಕಾಳಿನಿಂದ ಕಾಳಿಗೆ ಬದಲಾಗುತ್ತದೆ. ಜನಕರ ಅಮೈಲೋಸ್ (ಅನ್ನವನ್ನು ಗಟ್ಟಿಯಾಗಿಸುವ ಪಿಷ್ಟದ ಅಂಶ) ತೀರಾ ಬೇರೆಯಾದರೆ ಒಂದೇ ಪಾತ್ರೆಯಲ್ಲಿ ಕೆಲವು ಅಗುಳು ಮೆತ್ತಗೆ, ಕೆಲವು ಗಟ್ಟಿ. ಗಂಜಿ ಉಣ್ಣುವವರು ಅದನ್ನು ಒಪ್ಪುವುದಿಲ್ಲ.

ಡಿಎನ್‌ಎ ದೂರವೊಂದೇ ಇಳುವರಿಯ ಖಾತರಿಯಲ್ಲ. ಅದು ನೂರಾರು ಜೋಡಿಗಳನ್ನು ಹತ್ತಿಪ್ಪತ್ತಕ್ಕೆ ಇಳಿಸುವ ಜರಡಿ. ಉಳಿದದ್ದನ್ನು ಗದ್ದೆಯೇ ಹೇಳಬೇಕು.

ಎಣೆಲಿಗೆ (ಮಳೆಗಾಲದ ಭತ್ತದ ಬೆಳೆಗೆ) ಜೂನ್‌ನಲ್ಲಿ ನೇಜಿ ಹಾಕುತ್ತಾರೆ, ಹದಿನೈದು–ಇಪ್ಪತ್ತು ದಿನಕ್ಕೆ ಎಲೆ ತೆಗೆಯಬೇಕು. ಮಂಜೂರಾತಿ ಮೇ ತಿಂಗಳೊಳಗೆ ಬಂದರೆ ಈ ಮಳೆಗಾಲದಲ್ಲೇ ಕೆಲಸ ಶುರುವಾಗುತ್ತದೆ.

ಇತಿ,
ಉಡುಪಿಯ ಭತ್ತದ ಕೃಷಿಕರು ಮತ್ತು ತಳಿವಿಜ್ಞಾನ ಆಸಕ್ತರು