ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿರುವ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿಯಿಂದ ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ಮಗು ಅಷ್ಟು ದೂರ ಹೋಗಿದೆ, ಒಂದು ಫೋಟೋ ಕಳಿಸಿದ್ದಕ್ಕೆ ಹಾಗೆ ಬೈಯೋದಾ?" ಅಂತ ಅವರ ಸಿಟ್ಟು. ದನಿ ಏರಿಸಿದ್ದಕ್ಕೆ ನನಗೂ ಬೇಜಾರಿದೆ ಕಣೇ. ಆದರೆ ಆಡಿದ ಮಾತನ್ನು ವಾಪಸ್ ತಗೊಳ್ಳಲ್ಲ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಕೂಗಾಡುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಓದು.

ನೀನು ಮೊದಲು ಬರೆದದ್ದನ್ನೆಲ್ಲ ನಾನು ಎಷ್ಟು ಜನಕ್ಕೆ ಓದಿ ಹೇಳಿದ್ದೇನೆ ಗೊತ್ತಾ? ಶಾಲೆಯವರು 2 ಗಂಟೆಗೆ ಬನ್ನಿ ಅಂದರಂತೆ, ನಿಮ್ಮ ಮಿಷನ್ ತಂಡ ಊಟ ಮುಗಿಸಿ ಆರಾಮಾಗಿ ಹೋಯಿತಂತೆ. ಮಕ್ಕಳು ಬೆಳಗ್ಗೆ ಎಂಟಕ್ಕೇ ಬಂದು, ಕಾದು, ಮನೆಗೆ ಹೋಗಿದ್ದರಂತೆ! ಸೂರ್ಯ ಹುಟ್ಟಿದ ಮೇಲೆ ಅಲ್ಲಿ ಗಂಟೆ ಎಣಿಸುವುದು ಶುರು, ನಮ್ಮ ಬೆಳಗಿನ 7 ಅವರಿಗೆ 1. ಸಭೆಯಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ವರ್ಷಕ್ಕೆ 13 ತಿಂಗಳು ಅಂದಾಗ ನಿಮ್ಮಪ್ಪ, "ಹಾಗಾದರೆ ಸಂಬಳ 13 ಸಲ ಬರುತ್ತಾ?" ಅಂದರು. ಕೊನೆಯ ತಿಂಗಳಿಗೆ ಬರೀ ಐದೋ ಆರೋ ದಿನ ಅಂತ ಹೇಳಿದ ಮೇಲೆ ಸುಮ್ಮನಾದರು.

ಆ ಅಜ್ಜಿಯ ಮನೆಯ ಕಾಫಿಯ ಬಗ್ಗೆ ಬರೆದಿದ್ದೆಯಲ್ಲ, ಅದನ್ನಂತೂ ಎರಡು ಸಲ ಓದಿಕೊಂಡೆ. ನೆಲದ ಮೇಲೆ ಹಸಿ ಹುಲ್ಲು ಹರಡಿ, ಬೀಜವನ್ನು ನಿಮ್ಮೆದುರೇ ಹುರಿದು, ಆ ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದದ್ದು. ಇಂಜೆರಾ ಅನ್ನುವ ಅವರ ದೋಸೆಯಂಥ ರೊಟ್ಟಿಯ ತುಂಡಿನಲ್ಲಿ ಪಲ್ಯ ಸುತ್ತಿ ತನ್ನ ಕೈಯಿಂದಲೇ ನಿನ್ನ ಬಾಯಿಗಿಟ್ಟದ್ದು. ನಿನಗೆ ಅಳು ಬಂತು ಅಂದೆ. ನನಗೂ ಬಂತು. ಮನೆಯಲ್ಲಿ ಬೇರೆಯವರ ಲೋಟದಲ್ಲಿ ನೀರೂ ಕುಡಿಯದ ಹುಡುಗಿ ನೀನು.

ಆಮೇಲೆ ಆ ಫೋಟೋ ಬಂತು.

ನಿನ್ನ ಸುತ್ತ ಮಕ್ಕಳು. ಒಂದಕ್ಕೆ ಮೂಗು ಸುರಿಯುತ್ತಿದೆ, ಇನ್ನೊಂದಕ್ಕೆ ಚಪ್ಪಲಿಯಿಲ್ಲ. ಮೊಣಕೈ ಹರಿದ ಸ್ವೆಟರಿನ ಹುಡುಗಿ ನಿನ್ನ ತೊಡೆಯ ಮೇಲೆ. ಕೆಳಗೆ ನೀನು ಬರೆದದ್ದು: "ಇವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಖುಷಿ!"

ನಿನಗೆ ಇದುವರೆಗೂ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಹಾಸ್ಟೆಲ್‌ನಲ್ಲಿ ಓದಿದ್ದು ನಿನಗೆ ಗೊತ್ತು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ವಾರ್ಡನ್ ಬೆಳಗ್ಗೆಯೇ ಬಂದು, "ಇವತ್ತು ದೂರದಿಂದ ಜನ ಬರುತ್ತಾರೆ, ಚೆನ್ನಾಗಿರೋ ಬಟ್ಟೆ ಯಾರೂ ಹಾಕ್ಬೇಡಿ" ಅಂದರು. ನನ್ನ ಟ್ರಂಕಿನಲ್ಲಿ ನಿನ್ನ ಅಜ್ಜಿ ಹೊಲಿದುಕೊಟ್ಟ ನೀಲಿ ಫ್ರಾಕ್ ಇತ್ತು. ಕಾಲರಿಗೆ ಬಿಳಿ ಲೇಸ್. ಅದನ್ನು ಹಾಕಿಕೊಳ್ಳಲು ಇಂಥ ದಿನಕ್ಕೇ ಕಾಯುತ್ತಿದ್ದೆ. ಮಡಚಿ ಒಳಗಿಟ್ಟು, ಬಗಲಲ್ಲಿ ಹೊಲಿಗೆ ಬಿಟ್ಟದ್ದನ್ನು ಹಾಕಿಕೊಂಡೆ.

ಮಧ್ಯಾಹ್ನ ವ್ಯಾನು ಬಂತು. ಅದರಲ್ಲಿ ಕಾಲೇಜು ಹುಡುಗ ಹುಡುಗಿಯರು. ಒಬ್ಬಳು ನನ್ನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ತೊಡೆಯ ಮೇಲೆ ಕೂರುವ ವಯಸ್ಸು ನನಗೆ ದಾಟಿತ್ತು, ಕಾಲು ನೆಲಕ್ಕೆ ತಾಗುತ್ತಿತ್ತು. ಯಾರೋ ಕ್ಯಾಮೆರಾ ಹಿಡಿದು ನಗಿಸಿದರು, ನಕ್ಕೆ. ಬಣ್ಣದ ಪೆನ್ಸಿಲ್ ಕೊಟ್ಟಳು, ಅದೂ ಖುಷಿಯೇ. ಆದರೆ ನನಗೆ ಫ್ರಾಕಿನ ವಿಷಯ ಹೇಳಬೇಕಿತ್ತು. ನನ್ನ ಹತ್ತಿರ ನೀಲಿ ಫ್ರಾಕ್ ಇದೆ, ತೋರಿಸಲಾ ಅಂತ. ಲೆಕ್ಕದಲ್ಲಿ ನಾನೇ ಮೊದಲು ಅಂತ. ನನಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ ಅಂತ. ಅವಳು ನನ್ನ ಕೆನ್ನೆ ಸವರಿ ಪಕ್ಕದವಳನ್ನು ಎತ್ತಿಕೊಂಡಳು.

ಅವಳು ಕೆಟ್ಟವಳಲ್ಲ ಪುಟ್ಟಿ. ನಿನ್ನಷ್ಟೇ ಒಳ್ಳೆಯವಳು. ಅದಕ್ಕೇ ನನಗೆ ಹೆದರಿಕೆ. ಆ ಫೋಟೋ ಎಲ್ಲೋ ಯಾರದ್ದೋ ಆಲ್ಬಮ್ಮಿನಲ್ಲಿ ಇರಬಹುದು. ಕೆಳಗೆ ಏನು ಬರೆದಿದ್ದಾಳೋ? ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಸುಮ್ನೆ ನೆನಪಾಗುತ್ತೆ. ಬಗಲು ಹರಿದ ಆ ಫ್ರಾಕಿನಲ್ಲಿ ನಾನು ಇವತ್ತಿಗೂ ಅಲ್ಲಿ ನಗುತ್ತಾ ಕೂತಿರುತ್ತೇನೆ. ನೀಲಿಯದ್ದು ಒಂದು ವರ್ಷದಲ್ಲಿ ಗಿಡ್ಡವಾಯಿತು, ಚಿಕ್ಕಮ್ಮನ ಮಗಳಿಗೆ ಹೋಯಿತು.

ಇಥಿಯೋಪಿಯಾಕ್ಕೂ ಹಾಗೇ ಆಗಿದೆ ನೋಡು. 1984ರ ಬರಗಾಲದಲ್ಲಿ ಪ್ರಪಂಚದ ಪತ್ರಿಕೆಗಳ ತುಂಬ ಅಲ್ಲಿನ ಮಕ್ಕಳ ಎಲುಬು ಕಾಣುವ ಫೋಟೋಗಳು ಬಂದವು. ಆ ಫೋಟೋಗಳಿಂದ ಸಹಾಯ ಹರಿದುಬಂತು, ಜೀವ ಉಳಿಯಿತು, ಇಲ್ಲ ಅನ್ನಲ್ಲ. ಆದರೆ ನೀನು ಅಲ್ಲಿಗೆ ಹೋಗುತ್ತೇನೆ ಅಂದಾಗ ನನ್ನ ತಲೆಗೆ ಮೊದಲು ಬಂದದ್ದೂ ಅದೇ ಎಲುಬು. ಅಷ್ಟು ವರ್ಷವಾದರೂ!

ಆಮೇಲೆ ಕೂತು ಓದಿದೆ. 1896ರಲ್ಲಿ ಅಡ್ವಾದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿ ಕಳಿಸಿದ ಜನ ಅವರು. ಆಫ್ರಿಕಾ ಒಕ್ಕೂಟದ ಕೇಂದ್ರ ಕಚೇರಿ ನೀನಿರುವ ಊರಲ್ಲೇ ಇದೆ. ಇನ್ನು ದೇವರ ವಿಷಯ. ನೀವು ಮಿಷನ್ ಅಂತ ಹೊರಟಿದ್ದೀರಿ, ಸರಿ. ಅಲ್ಲಿನ ಹಳೆಯ ಅಕ್ಸುಮ್ ರಾಜ್ಯದ ರಾಜ ಎಜಾನಾ ಕ್ರೈಸ್ತನಾದದ್ದು 4ನೇ ಶತಮಾನದಲ್ಲಿ. ಅವನ ನಾಣ್ಯಗಳ ಮೇಲೆ ಶಿಲುಬೆ ಇದೆ. ಲಾಲಿಬೆಲಾದಲ್ಲಿ ಬಂಡೆಯನ್ನೇ ಕೊರೆದು ಮಾಡಿದ 11 ಚರ್ಚುಗಳಿವೆ, ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತೆ. ಅಂಥವರಿಗೆ ನಿಮ್ಮ ತಂಡ ಯೇಸುವಿನ ಬಗ್ಗೆ ನಾಟಕ ಮಾಡಿ ತೋರಿಸಿದೆ ಅಂದೆಯಲ್ಲ, ಅವರು ಎಷ್ಟು ತಾಳ್ಮೆಯಿಂದ ನೋಡಿರಬೇಕು!

ಮತ್ತೆ ಆ ಗೋಡೆಗೆ ಬಣ್ಣ ಹಚ್ಚುವ ಕೆಲಸ. ಆ ಊರಲ್ಲಿ ಪೇಂಟರ್‌ಗಳು ಇಲ್ವಾ? ಕೇಳಿ ನೋಡು.

ಕೆಲವು ಮಾತು ಕೇಳು. ಮಗುವಿನ ಅಮ್ಮನನ್ನು ಕೇಳದೆ ಫೋಟೋ ತೆಗೆಯಬೇಡ. ಕಾಫಿಗೆ ಕರೆದರೆ ಮೂರು ಸುತ್ತೂ ಕೂತು ಕುಡಿ. ನಿಮ್ಮ ಲೀಡರ್ ಮೊದಲ ಕಪ್ಪಿಗೇ ಎಬ್ಬಿಸಿದರೂ ಏಳಬೇಡ, ನಾನು ಹೇಳಿದ್ದು ಅನ್ನು. ಬುಧವಾರ ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ, ಹಾಲು ಮೊಟ್ಟೆ ಕೂಡ ಮುಟ್ಟಲ್ಲ. ಅವತ್ತು ಆಮ್ಲೆಟ್ ಕೇಳಿ ಮಾನ ಕಳೆಯಬೇಡ. ಅಕ್ಷರ ಕಲಿ. ನಮ್ಮ ಕಾಗುಣಿತದ ಹಾಗೇ ಅವರದ್ದೂ, ಒಂದೊಂದು ವ್ಯಂಜನಕ್ಕೆ ಏಳು ರೂಪ. ನಿನಗೆ ಬೇಗ ಬರುತ್ತೆ, ಇಂಗ್ಲಿಷಿನಲ್ಲಿ ಬೆಳೆದವರಿಗಿಂತ ಬೇಗ. ವಯಸ್ಸಾದವರು ಸಿಕ್ಕರೆ ಅವರ ಮೇಷ್ಟ್ರು ಯಾರಿದ್ದರು ಕೇಳು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ನಮ್ಮ ದೇಶದಿಂದ ಎಷ್ಟೋ ಜನ ಅಲ್ಲಿ ಪಾಠ ಮಾಡಲು ಹೋಗಿದ್ದರು. ವರ್ಷಗಟ್ಟಲೆ ಇದ್ದು ಕಲಿಸಿದವರು ಅವರು. ನೀವು ಹದಿನೈದು ದಿನಕ್ಕೆ ಹೋದವರು, ಅಷ್ಟರಲ್ಲಿ "ಏನೂ ಇಲ್ಲ" ಅಂತ ಹೇಗೆ ಗೊತ್ತಾಯಿತು?

ನೋಡು, ಮತ್ತೆ ಬೈಗುಳಕ್ಕೇ ಬಂದೆ.

ಪಾಸ್‌ಪೋರ್ಟ್ ಅನ್ನುವುದನ್ನೇ ನಾನು ನಿನ್ನ ಕೈಯಲ್ಲಿ ಮೊದಲು ನೋಡಿದ್ದು. ಏರ್‌ಪೋರ್ಟಿನಲ್ಲಿ ನೀನು ತಿರುಗಿ ನೋಡದೆ ಒಳಗೆ ಹೋದೆ. ನಿಮ್ಮಪ್ಪ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಹೆಮ್ಮೆಯಾಯಿತು. ಹಾಗೇ ಹೋಗಬೇಕು. ಆ ಅಜ್ಜಿಯ ಬಗ್ಗೆ ಬರೆದ ಹಾಗೆ ಆ ಸ್ವೆಟರಿನ ಹುಡುಗಿಯ ಬಗ್ಗೆಯೂ ನಿನಗೆ ಬರೆಯಲು ಬರುತ್ತೆ. ಬರುತ್ತೆ ಅಂತ ಗೊತ್ತಿದ್ದಕ್ಕೇ ಸಿಟ್ಟು ಬಂದದ್ದು.

ಮುಂದಿನ ವಾರ ಹವಾಸಾಕ್ಕೆ ಇಳಿಯುತ್ತೀರಲ್ಲ. ಅಡಿಸ್ 2,300 ಮೀಟರ್‌ಗಿಂತ ಮೇಲಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೂ ಮಲೇರಿಯಾದ ಭಯ ಇಲ್ಲ. ಕೆಳಗೆ ಸರೋವರದ ಕಡೆ ಹಾಗಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಹೊರಡುವ ಮೊದಲೇ ಶುರು ಮಾಡಬೇಕು, ನಿನ್ನ ಬ್ಯಾಗಿನ ಸೈಡ್ ಜಿಪ್ಪಿನಲ್ಲಿ ಇಟ್ಟಿದ್ದೇನೆ. ಸಂಜೆ ತುಂಬು ತೋಳಿನದ್ದು ಹಾಕಿಕೋ. ನಿಮ್ಮಪ್ಪನಿಗೆ ಒಂದು ಫೋನ್ ಮಾಡು, ನನಗೆ ಆಮೇಲೆ ಮಾಡಿದರೂ ಆಯಿತು.

ನಿನ್ನ ಅಮ್ಮ