ಭಿನ್ನಾಭಿಪ್ರಾಯವೆಲ್ಲ ಬಣ ಜಗಳವಲ್ಲ

ಮಾನ್ಯರೇ,

ಆಡಳಿತ ಪಕ್ಷದ ಶಾಸಕರೊಬ್ಬರು ಸ್ವಲ್ಪ ಬೇರೆ ಮಾತಾಡಿದರೆ ಸಾಕು, ಮರುದಿನ 'ಭಿನ್ನಮತ ಸ್ಫೋಟ' ಅನ್ನೋ ತಲೆಬರಹ. ವಿರೋಧ ಪಕ್ಷದಲ್ಲಾದರೆ 'ಬಣ ಜಗಳ'. ಎಲ್ಲವೂ ಕುರ್ಚಿಗಾಗಿಯೇ ಅಂತ ನನಗೇನೋ ಅನ್ನಿಸುವುದಿಲ್ಲ.

ನಮ್ಮ ರಸ್ತೆ ತುದಿಯ ದರ್ಶಿನಿಯಲ್ಲಿ ದಿನಾ ಬೆಳಿಗ್ಗೆ ಇಬ್ಬರು ಸಿಗುತ್ತಾರೆ. ಇಬ್ಬರೂ ಒಂದೇ ಪಕ್ಷದವರು, ಚುನಾವಣೆ ಬಂದರೆ ಒಂದೇ ಸ್ಕೂಟರಿನಲ್ಲಿ ಹೋಗಿ ಕರಪತ್ರ ಹಂಚುವವರು. ರಸ್ತೆ ಅಗಲ ಮಾಡುವ ಮಾತು ಬಂದರೆ ಮಾತ್ರ ಬೈಟು ಕಾಫಿ ಆರಿಹೋಗುತ್ತದೆ. ಒಬ್ಬರ ಸ್ಟೇಷನರಿ ಅಂಗಡಿ ಗೋಡೆ ಮೇಲೆ ಕೆಂಪು ಗುರುತು ಬಿದ್ದಿದೆ. ಇನ್ನೊಬ್ಬರ ಮಗಳು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುತ್ತಾಳೆ. 'ಪರಿಹಾರ ಕೊಡ್ತಾರಲ್ಲ ಸಾರ್' ಅಂತ ಇವರು. 'ನಿಮ್ಮ ಅಂಗಡಿ ಆಗಿದ್ರೆ ಹೀಗಂತಿದ್ರಾ?' ಅಂತ ಅವರು.

ಕಾವೇರಿಗೆ ಕಟ್ಟಬೇಕೆಂದಿರುವ ಮೇಕೆದಾಟು ಅಣೆಕಟ್ಟಿನ ವಿಷಯ ನೋಡಿ. 2022ರ ಜನವರಿಯಲ್ಲಿ ಅಣೆಕಟ್ಟು ಬೇಕೆಂದು ಇಲ್ಲಿನ ಕಾಂಗ್ರೆಸ್ ಪಾದಯಾತ್ರೆ ಮಾಡಿತು. ತಮಿಳುನಾಡಿನ ಕಾಂಗ್ರೆಸ್ಸಿಗೆ ಅದು ಬೇಡ. 2021ರ ಆಗಸ್ಟ್‌ನಲ್ಲಿ ಇಲ್ಲಿನ ಬಿಜೆಪಿ ಸರ್ಕಾರ ಅಣೆಕಟ್ಟಿನ ಪರ ಇದ್ದಾಗ, ಅಲ್ಲಿನ ಬಿಜೆಪಿ ಅಧ್ಯಕ್ಷರಾಗಿದ್ದ ಅಣ್ಣಾಮಲೈ ತಂಜಾವೂರಿನಲ್ಲಿ ಉಪವಾಸ ಕೂತರು. ಇಲ್ಲಿಯವರಿಗೆ ಬೆಂಗಳೂರಿನ ಕುಡಿಯುವ ನೀರು, ಅಲ್ಲಿಯವರಿಗೆ ತಂಜಾವೂರಿನ ಗದ್ದೆ. ಇದರಲ್ಲಿ ಮೋಸವೇನು ಬಂತು?

ಹಾಗಂತ ಕುರ್ಚಿ ಜಗಳ ಇಲ್ಲವೇ ಇಲ್ಲ ಅನ್ನುತ್ತಿಲ್ಲ. 1969ರ ಜುಲೈನಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿದ್ದು ನಮ್ಮ ಲಾಲ್‌ಬಾಗಿನ ಗಾಜಿನ ಮನೆಯಲ್ಲೇ. ಬ್ಯಾಂಕ್ ರಾಷ್ಟ್ರೀಕರಣದ ಚರ್ಚೆ ಒಂದು ಕಡೆ, ರಾಷ್ಟ್ರಪತಿ ಅಭ್ಯರ್ಥಿ ಯಾರಾಗಬೇಕು ಅನ್ನೋ ಜಿದ್ದು ಇನ್ನೊಂದು ಕಡೆ. ಇಂದಿರಾ ಗಾಂಧಿ ಒಂದು ದಿಕ್ಕು, ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಒಂದು ದಿಕ್ಕು. ವರ್ಷ ಮುಗಿಯುವ ಮುಂಚೆಯೇ ಪಕ್ಷ ಎರಡಾಯಿತು. ಅದರಲ್ಲಿ ನೀತಿ ಎಷ್ಟು, ಕುರ್ಚಿ ಎಷ್ಟು ಅಂತ ನಮ್ಮ ದರ್ಶಿನಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ!

ಬೇರೆ ಮಾತಿದ್ದರೆ ಸದನದಲ್ಲೇ ಆಡಲಿ ಅನ್ನುತ್ತೀರಾ? ಮಾತಾಡಬಹುದು, ವೋಟು ಹಾಕೋಕೆ ಆಗಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್, ಅಂದರೆ ಹೀಗೇ ವೋಟು ಹಾಕಿ ಅನ್ನೋ ಪಕ್ಷದ ಆದೇಶ, ಮೀರಿದರೆ ಶಾಸಕ ಸ್ಥಾನವೇ ಹೋಗಬಹುದು. ಅಷ್ಟಾಗಿ ಪಕ್ಷಾಂತರವೇನಾದರೂ ನಿಂತಿತಾ? 2019ರಲ್ಲಿ ನಮ್ಮ ಶಾಸಕರೇ ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದ್ದನ್ನು ನಾವೇ ನೋಡಿದ್ದೇವೆ. ನಿಂತದ್ದು ಮಸೂದೆಯೊಂದು ಸರಿಯಿಲ್ಲ ಅನ್ನಿಸಿದವರು ಕೈ ಎತ್ತುವುದು ಮಾತ್ರ. ಹಾಗಾಗಿ ವಿಧಾನಸೌಧದ ಹೊರಗೆ ಮೈಕ್ ಕಂಡರೆ ಅಲ್ಲಿ ಹೇಳುತ್ತಾರೆ. ಸಂಜೆಗೆ ಪಕ್ಷದ ನೋಟಿಸ್, ಬೆಳಿಗ್ಗೆ ನಿಮ್ಮ ತಲೆಬರಹ.

ಮುಂದಿನ ಸಲ ಹಾಗಾದಾಗ ನಿಮ್ಮ ವರದಿಗಾರರು ಅವರು ಒಪ್ಪದಿರುವುದು ಯಾವ ಮಾತನ್ನು, ಯಾಕೆ ಅಂತ ಮೊದಲು ಕೇಳಿ ಬರೆಯಲಿ. ಯಾವ ಬಣ ಅನ್ನೋದು ಎರಡನೇ ಪ್ಯಾರಾದಲ್ಲಿ ಬಂದರೂ ನಡೆಯುತ್ತದೆ.

– ಒಬ್ಬ ಓದುಗ, ತ್ಯಾಗರಾಜನಗರ, ಬೆಂಗಳೂರು