ತಲೆ ತುಂಬಿದ ಸೇರು

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಇವತ್ತು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು. ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿ ನಾಲ್ಕು ದಿನವಾಯಿತು, ಗ್ಲ್ಯಾಸ್ಗೋದಲ್ಲಿ ಐದು ಗಂಟೆಗೆಲ್ಲ ಕತ್ತಲು. ರಾಜ್ಯೋತ್ಸವದ ಬಗ್ಗೆ ಬರೆಯಲು ಕೂತವಳು 1956, 1973 ಎಂದು ಎರಡು ಇಸವಿ ಬರೆದು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಮಗಳು ಶಾಲೆಯ ಹಾಳೆಯೊಂದನ್ನು ತಂದು ಲ್ಯಾಪ್‌ಟಾಪಿನ ಮೇಲೇ ಇಟ್ಟಳು. ಗುರಾಣಿಯ ಆಕಾರ, ಅದರ ಕೆಳಗೊಂದು ಖಾಲಿ ಪಟ್ಟಿ. "ಅಮ್ಮ, ನಮ್ಮನೆ ಮಾತು ಯಾವುದು?"

ಪ್ರೈಮರಿ ಐದರಲ್ಲಿ ಈ ವಾರ ಸ್ಕಾಟ್ಲೆಂಡಿನ ಕುಲಗಳ ಪಾಠವಂತೆ. ಇಲ್ಲಿನ ಒಂದೊಂದು ಕುಲಕ್ಕೂ ಧ್ಯೇಯವಾಕ್ಯದಂಥ ಒಂದೊಂದು ಮಾತಿದೆ. ಮ್ಯಾಕ್ಲೌಡರದ್ದು 'ಬಿಗಿಯಾಗಿ ಹಿಡಿ'. ಮ್ಯಾಕಿಂಟಾಷರದ್ದು 'ಕೈಗವಸಿಲ್ಲದೆ ಬೆಕ್ಕನ್ನು ಮುಟ್ಟಬೇಡ'. ಮೆಕೆಂಜಿಯವರದ್ದು 'ಬೆಳಗುತ್ತೇನೆ, ಸುಡುವುದಿಲ್ಲ'. ಈ ಕೊನೆಯದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ, ಅಷ್ಟು ಹಿಡಿಸಿತು. ಕುಲದವರು ಧರಿಸುವ ಬಿಲ್ಲೆಯಲ್ಲಿ ಮುಖ್ಯಸ್ಥನ ಚಿಹ್ನೆಯ ಸುತ್ತ ಬಕಲ್ ಇರುವ ಬೆಲ್ಟೊಂದು ಇರುತ್ತದೆ, ಮಾತನ್ನು ಬರೆಯುವುದು ಆ ಬೆಲ್ಟಿನ ಮೇಲೆ.

ನಾನು ತಕ್ಷಣ ಗಂಡಭೇರುಂಡ ಬರಿ ಅಂದೆ. ಕರ್ನಾಟಕದ ಲಾಂಛನ, ಮೈಸೂರು ಅರಸರದ್ದು, ಬಳ್ಳಿಗಾವಿಯಲ್ಲಿ 1047ರ ಕಂಬವೇ ಇದೆ ಎಂದೆಲ್ಲ ಉತ್ಸಾಹದಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದು ಎಲ್ಲರದ್ದೂ ಅಲ್ವಾ? ನಮ್ಮನೇದು ಹೇಳು" ಅಂದಳು.

ನಮ್ಮ ಮನೆಯದು. ಅರಸೀಕೆರೆ ಕಡೆಯ ಊರು, ರಾಗಿ ಮತ್ತು ತೆಂಗು. ತಾತನಿಗೆ ಮನೆತನದ ಹೆಮ್ಮೆ ದೊಡ್ಡದು. "ನಾವು ಯಾರ ಬಾಗಿಲಿಗೂ ಹೋಗಿ ನಿಂತೋರಲ್ಲ" ಎಂಬ ಮಾತು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಕಣದಲ್ಲಿ ಕೊಳಗ ಹಿಡಿದು ರಾಗಿ ಅಳೆಯುವಾಗ ಮೊದಲನೆಯದಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಆ ದನಿ ಇವತ್ತಿಗೂ ಕಿವಿಯಲ್ಲಿದೆ. ಆದರೆ ಮನೆಯೊಳಗಿನ ಅಳತೆ ಅಜ್ಜಿಯದು. ಮೆಟ್ರಿಕ್ ಪದ್ಧತಿಯ ಕಾಯ್ದೆ 1956ರಲ್ಲೇ ಬಂದಿದ್ದರೂ ನಮ್ಮ ಅಡುಗೆಮನೆಗೆ 1980ರ ದಶಕದಲ್ಲೂ ಕಾಲಿಟ್ಟಿರಲಿಲ್ಲ. ಪಾವು, ಅಚ್ಚೇರು, ಸೇರು, ಅಷ್ಟೇ. ಅಜ್ಜಿಯದು ಹಿತ್ತಾಳೆ ಸೇರು. ಮದುವೆಯಾಗಿ ಬಂದ ದಿನ ಹೊಸಿಲ ಮೇಲೆ ಬಲಗಾಲಲ್ಲಿ ಒದ್ದು ಒಳಗೆ ಬಂದಿದ್ದು ಅದೇ ಸೇರಿನ ಅಕ್ಕಿಯನ್ನಂತೆ.

ಮಳೆ ಕೈಕೊಟ್ಟ ಒಂದು ವರ್ಷ ಹಿಂದಿನ ಬೀದಿಯ ಹೆಂಗಸೊಬ್ಬರು ಎರಡು ಸೇರು ರಾಗಿ ಕಡ ತಗೊಂಡು ಹೋಗಿದ್ದರು. ಸುಗ್ಗಿಯಾದ ಮೇಲೆ ವಾಪಸು ತಂದರು. ಅಜ್ಜಿ ಅಳೆದುಕೊಳ್ಳುವಾಗ ಸೇರಿನ ಬಾಯಿ ಮೇಲೆ ಅಂಗೈ ಆಡಿಸಿ, ಸಮ ಮಾಡಿ, ಮಿಕ್ಕಿದ್ದನ್ನು ಅವರ ಮೊರಕ್ಕೇ ಸುರಿದರು. ನನಗೆ ಆಗ ಎಂಟೋ ಒಂಬತ್ತೋ. "ಅಜ್ಜಿ, ಕೊಡುವಾಗ ಗೋಪುರ ಮಾಡಿ ಕೊಟ್ಟಿದ್ದಲ್ಲ, ಇದು ಕಮ್ಮಿ ಆಯ್ತು" ಅಂದುಬಿಟ್ಟೆ. ಲೆಕ್ಕದಲ್ಲಿ ಜಾಣೆ ಅನ್ನಿಸಿಕೊಳ್ಳುವ ಆಸೆ. ಆ ಹೆಂಗಸಿನ ಮುಖ ಸಣ್ಣದಾಯಿತು. ಏನೂ ಮಾತಾಡದೆ ಮೊರದಲ್ಲಿದ್ದ ರಾಗಿಯನ್ನೆಲ್ಲ ನಮ್ಮ ಮಡಕೆಗೆ ಸುರಿದು, ಸೆರಗು ಸರಿಮಾಡಿಕೊಂಡು ಹೊರಟರು.

ಅಜ್ಜಿ ಬೈಯಲಿಲ್ಲ. ಸಂಜೆ ಸೇರು ತುಂಬ ಅವರೆಕಾಳು ತುಂಬಿಸಿ, ಮೇಲಕ್ಕೆ ಇನ್ನೂ ಎರಡು ಬೊಗಸೆ ಹಾಕಿ ನನ್ನ ಕೈಗಿಟ್ಟರು. "ನಮ್ಮಜ್ಜಿಗೆ ಇದನ್ನ ಬೇಯಿಸಿ ತಿನ್ನೋಕಾಗಲ್ವಂತೆ, ನೀವು ಇಟ್ಕೋಬೇಕಂತೆ ಅಂತ ಹೇಳು. ದಾರೀಲಿ ಒಂದು ಕಾಳೂ ಬೀಳಬಾರದು." ಗುಡ್ಡೆಯಾದ ಸೇರನ್ನು ಎರಡೂ ಕೈಯಲ್ಲಿ ಹಿಡಿದು ಇಡೀ ಬೀದಿ ಉಸಿರು ಬಿಗಿಹಿಡಿದು ನಡೆದೆ. ತಿರುಗಿ ಬಂದ ಮೇಲೆ, ದೀಪ ಹಚ್ಚುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು: "ಕೊಡೋವಾಗ ತಲೆ ತುಂಬಿ ಕೊಡು, ಈಸ್ಕೊಳೋವಾಗ ತಲೆ ಸವರಿ ಈಸ್ಕೊ. ಕೇಳೋಕೆ ಬಂದೋರಿಗೆ ಆಗಲೇ ಅರ್ಧ ಜೀವ ಹೋಗಿರುತ್ತೆ ಮಗ."

ತಾತನ ಹೆಮ್ಮೆಯನ್ನು ನಾನು ಹಗುರ ಮಾಡುತ್ತಿಲ್ಲ. ಅದೇ ಹೆಮ್ಮೆ ನಮ್ಮನ್ನು ಓದಿಸಿತು, ಇಷ್ಟು ದೂರ ಕಳಿಸಿತು. ಆದರೆ ಪಟ್ಟಿಯ ಮೇಲೆ ಬರೆಯಲು ಮಗಳಿಗೆ ಕೊಟ್ಟಿದ್ದು ಅಜ್ಜಿಯ ಮಾತನ್ನೇ.

ಇನ್ನು ಪ್ರಕಟಣೆಗಳು, ಜಾಗ ಕಡಿಮೆ ಇದೆ. ರಾಜ್ಯೋತ್ಸವ ಮತ್ತು ದೀಪಾವಳಿ ಒಟ್ಟಿಗೇ, ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಹಾಲ್‌ನಲ್ಲಿ. 9 ಗಂಟೆಗೆ ಬೀಗ ಕೊಡಬೇಕು, ದಯವಿಟ್ಟು ಹೊತ್ತಿಗೆ ಬನ್ನಿ. ಬಿಸಿಬೇಳೆಬಾತ್ ಮತ್ತು ಮೊಸರನ್ನ ಸಂಘದಿಂದ, ಸಿಹಿ ನಿಮ್ಮಿಂದ. ಗಣೇಶನ ಹಬ್ಬದಲ್ಲಿ ಬಿಟ್ಟುಹೋದ ಹನ್ನೊಂದು ಡಬ್ಬಿಗಳು ನಮ್ಮ ಮನೆಯಲ್ಲಿವೆ, ಅವತ್ತು ತರುತ್ತೇನೆ. ನಾಟಕದ ತಾಲೀಮು ಭಾನುವಾರ ಸಂಜೆ. ಈ ಬಾರಿ ಹೊಸದಾಗಿ ಓದಲು ಬಂದ ವಿದ್ಯಾರ್ಥಿಗಳು ಏನನ್ನೂ ತರಬೇಕಿಲ್ಲ, ಹಸಿದು ಬಂದರೆ ಸಾಕು.

ಕನ್ನಡ ತರಗತಿ ನಡೆಸುತ್ತಿದ್ದ ದಂಪತಿ ಡಿಸೆಂಬರಿನಲ್ಲಿ ಮೈಸೂರಿಗೆ ವಾಪಸು ಹೋಗುತ್ತಿದ್ದಾರೆ. ಅವರಿಲ್ಲದೆ ಹೋಗಿದ್ದರೆ ನನ್ನ ಮಗಳು 'ನಮ್ಮನೆ ಮಾತು' ಎಂದು ಕೇಳುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಹದಿನಾಲ್ಕು ಮಕ್ಕಳಿದ್ದಾರೆ. ವಾರಕ್ಕೆ ಒಂದೂವರೆ ಗಂಟೆ. ಒಬ್ಬರಿಗೇ ಆಗದಿದ್ದರೆ ಇಬ್ಬರು ಸರದಿಯಲ್ಲಿ ಬನ್ನಿ. ಈ ಪತ್ರಿಕೆಗೂ ಇನ್ನೊಂದು ಜೊತೆ ಕಣ್ಣು ಬೇಕು. ಮೂರು ವರ್ಷದಿಂದ ಒಬ್ಬಳೇ ತಿದ್ದುತ್ತಿದ್ದೇನೆ, ನಿಜವಾಗಿಯೂ ಸುಸ್ತಾಗಿದೆ.

ಮಗಳ ಚಿತ್ರ ಮೂರನೇ ಪುಟದಲ್ಲಿದೆ. ಗುರಾಣಿಯಲ್ಲಿ ಸೇರು, ಅದರ ಮೇಲಿನ ರಾಗಿ ಗುಡ್ಡೆ ಗುರಾಣಿಯ ಗೆರೆ ದಾಟಿ ಹೊರಗೆ ಬಂದಿದೆ. "ಒಳಗೇ ಬರೀಬಹುದಿತ್ತಲ್ಲ ಪುಟ್ಟ" ಅಂದೆ. "ಆಗ ತಲೆ ಸವರಿದ ಹಾಗೆ ಆಗುತ್ತೆ" ಅಂದಳು.

ಅಜ್ಜಿಯ ಸೇರು ಈಗ ಹಾಸನದಲ್ಲಿ, ಅಮ್ಮನ ದೇವರ ಕೋಣೆಯಲ್ಲಿದೆ. ಡಿಸೆಂಬರಿನೊಳಗೆ ಊರಿಂದ ಬರುವವರು ಯಾರಾದರೂ ಇದ್ದರೆ ಬ್ಯಾಗಿನಲ್ಲಿ ಸ್ವಲ್ಪ ಜಾಗ ಕೊಡುತ್ತೀರಾ? ಬರೀ ಸೇರು ಕಳಿಸಬಾರದೆಂದು ಅಮ್ಮ ಅದರಲ್ಲಿ ಹುರಿಹಿಟ್ಟು ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಾರಂತೆ.